ಉಪ್ಪಿನ ಅಣುವಿನ ಪ್ರಶ್ನೆ: ಅಯಾನಿಕ ಬಂಧದ ಕಲ್ಪನೆ ಬೆಳೆದುಬಂದ ಬಗೆ

೧. ಪೀಠಿಕೆ

ಅಡಿಗೆಯ ಉಪ್ಪಿಗೆ ರಸಾಯನಶಾಸ್ತ್ರದಲ್ಲಿ ಸೋಡಿಯಂ ಕ್ಲೋರೈಡ್ ಎಂದು ಹೆಸರು. ಒಂದು ಸೋಡಿಯಂ ಪರಮಾಣುವಿಗೆ ಒಂದು ಕ್ಲೋರೀನ್ ಪರಮಾಣು ಎಂಬ ಪ್ರಮಾಣವನ್ನು ಅದರ ಸೂತ್ರವು ತಿಳಿಸುತ್ತದೆ. ಈ ಸೂತ್ರ ತಿಳಿಸುವುದು ಪ್ರಮಾಣವನ್ನು ಮಾತ್ರವೆ? ಇಲ್ಲವೆ, ನೀರಿಗೆ ಒಂದು ಅಣು, ಸಕ್ಕರೆಗೆ ಒಂದು ಅಣು ಇರುವಂತೆ ಉಪ್ಪಿಗೂ ತನ್ನದೇ ಆದ ಒಂದು ಅಣು ಉಂಟೆಂಬುದನ್ನೂ ತಿಳಿಸುತ್ತದೆಯೆ? ನೋಡಲು ಸಣ್ಣದಾಗಿ ಕಾಣುವ ಈ ಪ್ರಶ್ನೆಗೆ ಉತ್ತರ ದೊರೆಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ವಿದ್ಯುತ್ತು, ಶಾಖ, ಕ್ಷ-ಕಿರಣ ಈ ಮೂರು ಕ್ಷೇತ್ರಗಳ ಸಾಕ್ಷ್ಯಗಳು ಒಂದೆಡೆ ಕೂಡಿದ ಮೇಲೆಯೇ ಉತ್ತರವು ಸ್ಪಷ್ಟವಾಯಿತು.

ಈ ಚರಿತ್ರೆಯನ್ನು ಅರಿಯುವುದರಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ನಿಶ್ಚಿತವಾದ ಪ್ರಯೋಜನವಿದೆ. ಸೋಡಿಯಂ ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಕೊಡಲು ಬಯಸುತ್ತದೆ, ಕ್ಲೋರೀನ್ ಅದನ್ನು ಪಡೆಯಲು ಬಯಸುತ್ತದೆ, ಆದುದರಿಂದ ಬಂಧವು ಏರ್ಪಡುತ್ತದೆ ಎಂಬ ವಿವರಣೆಯು ತರಗತಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ಮಾತಿನಲ್ಲಿ ಎಷ್ಟು ಭಾಗ ಸತ್ಯ, ಎಷ್ಟು ಭಾಗ ಅನುಕೂಲಕ್ಕಾಗಿ ಹೇಳಿದ್ದು ಎಂಬುದನ್ನು ಬೇರ್ಪಡಿಸಿ ನೋಡಬೇಕಾದರೆ, ಈ ಕಲ್ಪನೆ ಯಾವ ಯಾವ ಹಂತಗಳನ್ನು ದಾಟಿ ಬಂದಿತೆಂಬುದನ್ನು ತಿಳಿಯಬೇಕು. ಆ ಹಂತಗಳನ್ನು ಕ್ರಮವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ವಿದ್ಯುತ್ತಿನಿಂದ ದೊರೆತ ಮೊದಲ ಸುಳಿವು

ವೋಲ್ಟಾನು ೧೮೦೦ರಲ್ಲಿ ವಿದ್ಯುತ್ಕೋಶಗಳ ಸ್ತಂಭವನ್ನು ಪ್ರಕಟಿಸಿದ ಮೇಲೆ ರಸಾಯನ ವಿಜ್ಞಾನಿಗಳ ಕೈಗೆ ಒಂದು ಹೊಸ ಸಾಧನ ಬಂದಿತು. ೧೮೦೭ರಲ್ಲಿ ಹಂಫ್ರಿ ಡೇವಿಯು ದಾಹಕ ಪೊಟ್ಯಾಷ್ ಮತ್ತು ದಾಹಕ ಸೋಡಗಳ ಮೂಲಕ ವಿದ್ಯುತ್ತನ್ನು ಹರಿಯಿಸಿ, ಪೊಟ್ಯಾಸಿಯಂ ಮತ್ತು ಸೋಡಿಯಂ ಎಂಬ ಎರಡು ಹೊಸ ಲೋಹಗಳನ್ನು ಪಡೆದನು. ೧೮೧೦ರಲ್ಲಿ ಅದೇ ಡೇವಿಯು ಕ್ಲೋರೀನ್ ಒಂದು ಮೂಲವಸ್ತುವೆಂದು ಸಾರಿದನು. ಉಪ್ಪಿನ ಎರಡು ಘಟಕಗಳೂ ಹೀಗೆ ಮೂರು ವರ್ಷಗಳ ಅವಧಿಯಲ್ಲಿ ಗೊತ್ತಾದವು. ವಿದ್ಯುತ್ತು ಒಡೆಯಬಲ್ಲ ಬಂಧಕ್ಕೆ ವಿದ್ಯುತ್ತೇ ಕಾರಣವಾಗಿರಬೇಕೆಂಬ ಊಹೆ ಅಲ್ಲಿಂದ ಸಹಜವಾಗಿ ಹುಟ್ಟಿತು.

ಸ್ವೀಡನ್ನಿನ ಬರ್ಜೀಲಿಯಸ್ಸನು ಈ ಊಹೆಯನ್ನು ಒಂದು ಸಿದ್ಧಾಂತವಾಗಿ ಕಟ್ಟಿದನು. ಅವನ ಮತದಂತೆ ಪ್ರತಿಯೊಂದು ಸಂಯುಕ್ತವಸ್ತುವೂ ಒಂದು ಧನ ಭಾಗ, ಒಂದು ಋಣ ಭಾಗ ಕೂಡಿ ಆದದ್ದು. ಲವಣಗಳ ವಿಷಯದಲ್ಲಿ ಈ ದ್ವೈತವಾದವು ಚೆನ್ನಾಗಿಯೇ ಹೊಂದಿಕೊಂಡಿತು. ಆದರೆ ಬರ್ಜೀಲಿಯಸ್ಸನು ಅದನ್ನು ಎಲ್ಲ ವಸ್ತುಗಳಿಗೂ ಅನ್ವಯಿಸಿದನು. ೧೮೩೦ರ ದಶಕದಲ್ಲಿ ಫ್ರಾನ್ಸಿನ ಡ್ಯೂಮಾ, ಅಸಿಟಿಕ್ ಆಮ್ಲದಲ್ಲಿ ಧನವೆನಿಸಿಕೊಂಡ ಹೈಡ್ರೊಜನ್ನಿನ ಸ್ಥಾನವನ್ನು ಋಣವೆನಿಸಿಕೊಂಡ ಕ್ಲೋರೀನ್ ಆಕ್ರಮಿಸಿದರೂ ಆಮ್ಲದ ಸ್ವಭಾವ ಬಹುವಾಗಿ ಬದಲಾಗುವುದಿಲ್ಲವೆಂದು ತೋರಿಸಿದಾಗ, ಆ ಸಿದ್ಧಾಂತಕ್ಕೆ ಬಲವಾದ ಪೆಟ್ಟು ಬಿದ್ದಿತು. ಇಂಗಾಲದ ಸಂಯುಕ್ತಗಳಲ್ಲಿ ಸೋತ ವಾದವನ್ನು ಲವಣಗಳ ಕ್ಷೇತ್ರದಲ್ಲಿಯೂ ಜನ ಕೈಬಿಟ್ಟರು. ಒಂದು ಬಗೆಯ ಬಂಧಕ್ಕೆ ಒಪ್ಪುವ ವಿವರಣೆಯು ಎಲ್ಲ ಬಂಧಗಳಿಗೂ ಒಪ್ಪಬೇಕೆಂಬ ನಿರೀಕ್ಷೆಯೇ ಈ ತೊಡಕಿನ ಮೂಲ. ಬಂಧಗಳಲ್ಲಿ ಭೇದವುಂಟೆಂಬ ಅರಿವು ಮೂಡಲು ಇನ್ನೂ ಎಂಬತ್ತು ವರ್ಷ ಕಾಯಬೇಕಾಯಿತು.

ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯು ಊಹೆಗಳ ಗೋಜಿಗೆ ಹೋಗದೆ ಅಳತೆಗಳಲ್ಲಿ ತೊಡಗಿದ್ದನು. ೧೮೩೩ರಲ್ಲಿ ಅವನು ಗಮನಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ನೀರಿನ ಮೂಲಕ ಹರಿಯುತ್ತಿದ್ದ ವಿದ್ಯುತ್ತು, ನೀರು ಹೆಪ್ಪುಗಟ್ಟಿದೊಡನೆ ನಿಂತುಹೋಗುತ್ತಿತ್ತು. ಅದರ ಜಾಡನ್ನು ಹಿಡಿದು ಅವನು ಸೀಸದ ಕ್ಲೋರೈಡ್, ಬೆಳ್ಳಿಯ ಕ್ಲೋರೈಡ್ ಮೊದಲಾದ ಲವಣಗಳನ್ನು ಪರೀಕ್ಷಿಸಿದನು. ಘನಸ್ಥಿತಿಯಲ್ಲಿ ವಿದ್ಯುತ್ತನ್ನು ತಡೆಯುವ ಲವಣವು ಕಾಯಿಸಿ ಕರಗಿಸಿದೊಡನೆ ಅದನ್ನು ಚೆನ್ನಾಗಿ ಹರಿಯಗೊಡುತ್ತದೆ ಎಂಬುದು ಅವನ ಕಣ್ಣಿಗೆ ಬಿದ್ದಿತು. ಮರುವರ್ಷ ಅವನು ವಿದ್ಯುದ್ವಿಶ್ಲೇಷಣೆಯ ನಿಯಮಗಳನ್ನು ಸ್ಥಾಪಿಸಿ, ವಿದ್ವಾಂಸನಾದ ವಿಲಿಯಂ ಹ್ಯೂಯೆಲನ ನೆರವಿನಿಂದ ಹೊಸ ಪದಗಳನ್ನು ಬಳಕೆಗೆ ತಂದನು. ಆ ಪದಗಳಲ್ಲಿ ಅಯಾನು ಒಂದು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಹೋಗುವಂಥದು, ಚಲಿಸುವಂಥದು ಎಂದು ಅರ್ಥ. ಆದರೆ ಅಯಾನುಗಳು ವಸ್ತುವಿನಲ್ಲಿ ಮೊದಲಿನಿಂದಲೂ ಇರುತ್ತವೆಂದು ಫ್ಯಾರಡೆ ಹೇಳಲಿಲ್ಲ. ವಿದ್ಯುತ್ತೇ ವಸ್ತುವನ್ನು ಒಡೆದು ಅವುಗಳನ್ನು ಉಂಟುಮಾಡುತ್ತದೆಂಬುದು ಆ ಕಾಲದ ನಂಬಿಕೆಯಾಗಿತ್ತು.

೩. ಅರ್ಹೇನಿಯಸ್ಸನ ವಾದ: ಅರ್ಧ ಸತ್ಯದ ಫಲ

ಈ ನಂಬಿಕೆಯನ್ನು ಮುರಿದವನು ಸ್ವಾಂಟೆ ಅರ್ಹೇನಿಯಸ್. ೧೮೮೪ರಲ್ಲಿ ಅವನು ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ದ್ರಾವಣಗಳ ವಿದ್ಯುದ್ವಾಹಕತೆಯನ್ನು ಕುರಿತು ಒಂದು ಪ್ರಬಂಧವನ್ನು ಒಪ್ಪಿಸಿದನು. ಪರೀಕ್ಷಕರು ಅದಕ್ಕೆ ಕೆಳದರ್ಜೆಯನ್ನು ಮಾತ್ರ ಕೊಟ್ಟರು. ಆ ದರ್ಜೆಯಿಂದ ಅಧ್ಯಾಪಕ ವೃತ್ತಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ ಆಯಿತು. ತರುಣನು ತನ್ನ ಪ್ರಬಂಧದ ಪ್ರತಿಗಳನ್ನು ಹೊರದೇಶಗಳ ವಿಜ್ಞಾನಿಗಳಿಗೆ ಕಳುಹಿಸಿದನು. ಅವರಲ್ಲೊಬ್ಬನಾದ ವಿಲ್ಹೆಲ್ಮ್ ಆಸ್ಟ್‌ವಾಲ್ಡನು ರೀಗಾದಿಂದ ಉಪ್ಸಾಲಕ್ಕೆ ಸ್ವತಃ ಬಂದು ಅವನನ್ನು ಕಂಡನು. ಈ ಬೆಂಬಲದಿಂದ ಅರ್ಹೇನಿಯಸ್ಸನ ಸ್ಥಿತಿ ಸುಧಾರಿಸಿತು. ೧೮೮೭ರಲ್ಲಿ ಅವನು ತನ್ನ ವಾದವನ್ನು ಪೂರ್ಣರೂಪದಲ್ಲಿ ಪ್ರಕಟಿಸಿದನು. ಅದೇ ವಾದಕ್ಕಾಗಿ ೧೯೦೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಲವಣವನ್ನು ನೀರಿನಲ್ಲಿ ಕರಗಿಸಿದೊಡನೆಯೇ, ವಿದ್ಯುತ್ತನ್ನು ಹರಿಯಿಸುವುದಕ್ಕೆ ಮುಂಚೆಯೇ, ಅಯಾನುಗಳು ಅಲ್ಲಿ ಇರುತ್ತವೆ ಎಂಬುದು ಅವನ ವಾದದ ತಿರುಳು. ಇದಕ್ಕೆ ಬಲವಾದ ಆಧಾರವೊಂದಿತ್ತು. ಸಕ್ಕರೆಯನ್ನು ಕರಗಿಸಿದಾಗ ನೀರಿನ ಘನೀಭವನ ಬಿಂದು ಇಳಿಯುವುದಕ್ಕಿಂತ, ಅಷ್ಟೇ ಮೋಲುಗಳ ಉಪ್ಪನ್ನು ಕರಗಿಸಿದಾಗ ಅದು ಸುಮಾರು ಎರಡರಷ್ಟು ಇಳಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡಿನ ಸಾರರಿಕ್ತ ದ್ರಾವಣದಲ್ಲಿ ಇಳಿತವು ಮೂರರ ಸಮೀಪಕ್ಕೆ ಬರುತ್ತದೆ. ಈ ಇಳಿತವು ಕಣಗಳ ಸಂಖ್ಯೆಯನ್ನು ಅವಲಂಬಿಸಿರುವುದರಿಂದ, ಉಪ್ಪಿನ ಒಂದು ಘಟಕ ಎರಡು ಕಣಗಳಾಗಿಯೂ ಕ್ಯಾಲ್ಸಿಯಂ ಕ್ಲೋರೈಡಿನ ಒಂದು ಘಟಕ ಮೂರು ಕಣಗಳಾಗಿಯೂ ಬೇರ್ಪಟ್ಟಿವೆಯೆಂದು ತಿಳಿಯಬೇಕಾಗುತ್ತದೆ. ವಾಂಟ್ ಹಾಫನ ಪರಾಸರಣ ಒತ್ತಡದ ಅಧ್ಯಯನವೂ ಇದೇ ಕಡೆಗೆ ಕೈತೋರಿತು.

ವಿರೋಧಿಗಳ ಆಕ್ಷೇಪಣೆ ಸಾಮಾನ್ಯವಾದುದಾಗಿರಲಿಲ್ಲ. ನೀರಿಗೆ ಹಾಕಿದೊಡನೆ ಉಗ್ರವಾಗಿ ವರ್ತಿಸುವ ಸೋಡಿಯಂ, ಉಸಿರುಕಟ್ಟಿಸುವ ಹಸುರು ಬಣ್ಣದ ಕ್ಲೋರೀನ್, ಇವೆರಡೂ ಉಪ್ಪುನೀರಿನಲ್ಲಿ ಬಿಡಿಯಾಗಿರುವುದಾದರೆ ಆ ನೀರು ಅಷ್ಟು ಶಾಂತವಾಗಿರುವುದು ಹೇಗೆ ಎಂದು ಅವರು ಕೇಳಿದರು. ವಿದ್ಯುದಂಶವುಳ್ಳ ಅಯಾನು ಬೇರೆ, ವಿದ್ಯುದಂಶವಿಲ್ಲದ ಪರಮಾಣು ಬೇರೆ, ಅವುಗಳ ಗುಣಗಳೂ ಬೇರೆ ಬೇರೆ ಎಂಬುದು ಅರ್ಹೇನಿಯಸ್ಸನ ಉತ್ತರ. ಎಲೆಕ್ಟ್ರಾನಿನ ಅರಿವೇ ಇಲ್ಲದಿದ್ದ ಕಾಲದಲ್ಲಿ ಈ ಉತ್ತರವನ್ನು ಒಪ್ಪಲು ಧೈರ್ಯ ಬೇಕಾಗಿತ್ತು.

ಆದರೂ ಅರ್ಹೇನಿಯಸ್ಸನು ಅರ್ಧ ದಾರಿಯನ್ನು ಮಾತ್ರ ಕ್ರಮಿಸಿದ್ದನು. ಘನ ಉಪ್ಪಿನಲ್ಲಿ ಅಣುಗಳೇ ಇರುತ್ತವೆ, ನೀರಿನಲ್ಲಿ ಅವುಗಳಲ್ಲಿ ಕೆಲವು ಒಡೆದು ಅಯಾನುಗಳಾಗುತ್ತವೆ, ಉಳಿದವು ಹಾಗೆಯೇ ಇರುತ್ತವೆ ಎಂದು ಅವನು ತಿಳಿದಿದ್ದನು. ಲೀಟರಿಗೆ ೦.೧ ಮೋಲಿನಷ್ಟು ಉಪ್ಪಿರುವ ದ್ರಾವಣದ ವಾಹಕತೆಯನ್ನು ಅತ್ಯಂತ ಸಾರರಿಕ್ತ ದ್ರಾವಣದ ವಾಹಕತೆಯೊಡನೆ ಹೋಲಿಸಿದರೆ ಶೇಕಡ ೮೪ರಷ್ಟು ಬರುತ್ತದೆ. ಉಳಿದ ಶೇಕಡ ೧೬ ಭಾಗವು ಒಡೆಯದ ಅಣುಗಳೆಂದು ಅವನ ಪಕ್ಷದವರು ಲೆಕ್ಕ ಹಾಕಿದರು. ಅಸಿಟಿಕ್ ಆಮ್ಲದಂತಹ ದುರ್ಬಲ ವಿದ್ಯುದ್ವಿಶ್ಲೇಷ್ಯಗಳಿಗೆ ಈ ಲೆಕ್ಕ ಸರಿಹೋಯಿತು. ಉಪ್ಪಿನಂತಹ ಪ್ರಬಲ ವಿದ್ಯುದ್ವಿಶ್ಲೇಷ್ಯಗಳಲ್ಲಿ ಮಾತ್ರ, ಆಸ್ಟ್‌ವಾಲ್ಡನು ೧೮೮೮ರಲ್ಲಿ ಕೊಟ್ಟ ಸಾರರಿಕ್ತತೆಯ ನಿಯಮಕ್ಕೆ ಅದು ಎಂದೂ ಒಗ್ಗಲಿಲ್ಲ. ಉಪ್ಪಿನ ಅಣು ಹೀಗೆ ಲೆಕ್ಕದ ಶೇಷವಾಗಿ ಇನ್ನೊಂದು ತಲೆಮಾರು ಉಳಿಯಿತು.

೪. ಕ್ಷ-ಕಿರಣಗಳ ಸಾಕ್ಷ್ಯ

೧೯೧೨ರಲ್ಲಿ ಮ್ಯೂನಿಕ್‌ನಲ್ಲಿ ಲಾವೆಯೂ ಅವನ ಸಂಗಡಿಗರೂ ಹರಳುಗಳು ಕ್ಷ-ಕಿರಣಗಳನ್ನು ವಿವರ್ತಿಸುತ್ತವೆಂದು ತೋರಿಸಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಲಾರೆನ್ಸ್ ಬ್ರ್ಯಾಗನು ಈ ವಿಧಾನವನ್ನು ಕ್ಷಾರಲೋಹಗಳ ಲವಣಗಳಿಗೆ ಅನ್ವಯಿಸಿದನು. ಆಗ ಅವನಿಗೆ ೨೩ ವರ್ಷ. ಪೊಟ್ಯಾಸಿಯಂ ಕ್ಲೋರೈಡಿನ ಚಿತ್ರವು ಸೋಡಿಯಂ ಕ್ಲೋರೈಡಿನ ಚಿತ್ರಕ್ಕಿಂತ ಸರಳವಾಗಿತ್ತು. ಪೊಟ್ಯಾಸಿಯಂ ಮತ್ತು ಕ್ಲೋರೀನುಗಳು ಕ್ಷ-ಕಿರಣಗಳನ್ನು ಚದರಿಸುವುದರಲ್ಲಿ ಸರಿಸುಮಾರು ಸಮಾನವಾದುದರಿಂದ ಒಂದರಂತೆಯೇ ಇನ್ನೊಂದು ಕಾಣುತ್ತದೆ; ಸೋಡಿಯಂ ಹಗುರವಾದುದರಿಂದ ಕ್ಲೋರೀನಿನಿಂದ ಬೇರೆಯಾಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಆಧರಿಸಿ ಅವನು ಉಪ್ಪಿನ ಒಳರಚನೆಯನ್ನು ಬಿಡಿಸಿದನು. ಘನಾಕೃತಿಯ ಚೌಕಟ್ಟಿನಲ್ಲಿ ಸೋಡಿಯಂ ಮತ್ತು ಕ್ಲೋರೀನುಗಳು ಒಂದಾದ ಮೇಲೊಂದರಂತೆ ನಿಂತಿವೆ. ಪ್ರತಿಯೊಂದು ಸೋಡಿಯಮ್ಮಿನ ಸುತ್ತ ಸಮಾನ ದೂರದಲ್ಲಿ ಆರು ಕ್ಲೋರೀನುಗಳೂ, ಪ್ರತಿಯೊಂದು ಕ್ಲೋರೀನಿನ ಸುತ್ತ ಆರು ಸೋಡಿಯಮ್ಮುಗಳೂ ಇವೆ.

ಈ ರಚನೆ ಗೊತ್ತಾದರೆ ಕಣಗಳ ನಡುವಣ ದೂರವನ್ನು ವಿದ್ಯಾರ್ಥಿಗಳೂ ಗಣಿಸಬಹುದು. ಒಂದು ಮೋಲ್ ಉಪ್ಪಿನ ತೂಕ ೫೮.೪೪ ಗ್ರಾಂ; ಸಾಂದ್ರತೆ ಘನ ಸೆಂಟಿಮೀಟರಿಗೆ ೨.೧೬೫ ಗ್ರಾಂ. ಆದುದರಿಂದ ಅದು ಆಕ್ರಮಿಸುವ ಸ್ಥಳ ೨೬.೯೯ ಘನ ಸೆಂಟಿಮೀಟರ್. ಇದರಲ್ಲಿರುವ ಕಣಗಳ ಸಂಖ್ಯೆ ಆವೊಗಾಡ್ರೊ ಸಂಖ್ಯೆಯ ಎರಡರಷ್ಟು. ಭಾಗಿಸಿ ಘನಮೂಲವನ್ನು ತೆಗೆದರೆ ಅಕ್ಕಪಕ್ಕದ ಸೋಡಿಯಂ ಕ್ಲೋರೀನುಗಳ ನಡುವಣ ದೂರ ೨.೮೨ ಆಂಗ್‌ಸ್ಟ್ರಾಂ ಎಂದು ಬರುತ್ತದೆ.

ಈ ಚೌಕಟ್ಟಿನಲ್ಲಿ ಯಾವ ಸೋಡಿಯಂ ಯಾವ ಕ್ಲೋರೀನಿನ ಜೊತೆಗಾರ? ಆರರಲ್ಲಿ ಒಂದನ್ನು ಆರಿಸಲು ಯಾವ ಕಾರಣವೂ ಇಲ್ಲ. ಎಂದರೆ ಘನ ಉಪ್ಪಿನಲ್ಲಿ ಎರಡು ಪರಮಾಣುಗಳ ಅಣು ಎಂಬುದೇ ಇಲ್ಲ. ಇಡೀ ಹರಳೇ ಒಂದು ವಸ್ತು. ಈ ನಿರ್ಣಯವನ್ನು ಎಲ್ಲರೂ ಸಂತೋಷದಿಂದ ಸ್ವೀಕರಿಸಲಿಲ್ಲ. ಅರ್ಹೇನಿಯಸ್ಸನ ವಾದವನ್ನು ಹಿಂದೆ ವಿರೋಧಿಸಿದ್ದ ಹೆನ್ರಿ ಆರ್ಮ್‌ಸ್ಟ್ರಾಂಗನು ೧೯೨೭ರಲ್ಲಿ ತನ್ನ ೭೯ನೆಯ ವಯಸ್ಸಿನಲ್ಲಿ ‘ನೇಚರ್’ ಪತ್ರಿಕೆಗೆ ಬರೆದು, ಬಡ ಉಪ್ಪಿಗೆ ಒದಗಿದ ಈ ಗತಿಯನ್ನು ಹಳಿದು, ಚದುರಂಗದ ಹಾಸಿನಂತಹ ಈ ಚಿತ್ರ ರಸಾಯನ ಬುದ್ಧಿಗೆ ಒಪ್ಪತಕ್ಕುದಲ್ಲವೆಂದು ವಾದಿಸಿದನು. ಇದನ್ನು ಬರಿಯ ವೃದ್ಧಾಪ್ಯದ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪರಮಾಣುವನ್ನೂ ಅಣುವನ್ನೂ ಬೇರ್ಪಡಿಸಿ ತಿಳಿಯಲು ರಸಾಯನಶಾಸ್ತ್ರವು ಹತ್ತೊಂಬತ್ತನೆಯ ಶತಮಾನದಲ್ಲಿ ಬಹಳ ಶ್ರಮಪಟ್ಟಿತ್ತು. ಆರ್ಮ್‌ಸ್ಟ್ರಾಂಗನ ತಲೆಮಾರಿಗೆ ಅಣುವೇ ಶಾಸ್ತ್ರದ ತಳಹದಿ. ಆ ತಳಹದಿ ಎಲ್ಲ ವಸ್ತುಗಳಿಗೂ ಅನ್ವಯಿಸುವುದಿಲ್ಲವೆಂಬ ಮಾತು ಅವರಿಗೆ ಕಹಿಯಾಗಿ ಕಂಡುದು ಆಶ್ಚರ್ಯವಲ್ಲ.

೫. ಎಲೆಕ್ಟ್ರಾನು ಮತ್ತು ಕೊಸೆಲ್ಲನ ವಿವರಣೆ

ಬ್ರ್ಯಾಗನ ರಚನೆಯು ಕಣಗಳ ಸ್ಥಾನವನ್ನು ತಿಳಿಸಿತೇ ಹೊರತು ಅವುಗಳ ವಿದ್ಯುದಂಶವನ್ನು ತಿಳಿಸಲಿಲ್ಲ. ಆ ಕೊರತೆಯನ್ನು ತುಂಬಿದ ಕೀರ್ತಿ ಜರ್ಮನಿಯ ವಾಲ್ಟರ್ ಕೊಸೆಲ್ಲನಿಗೆ ಸಲ್ಲುತ್ತದೆ. ೧೮೯೭ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಸ್ಥಿರಪಡಿಸಿದ್ದನು. ೧೯೧೩ರಲ್ಲಿ ಮೋಸ್ಲೆಯು ಮೂಲವಸ್ತುಗಳ ಪರಮಾಣು ಸಂಖ್ಯೆಗಳಿಗೆ ಭದ್ರವಾದ ಅರ್ಥ ಕೊಟ್ಟಿದ್ದನು. ೧೯೧೬ರಲ್ಲಿ ಕೊಸೆಲ್ಲನು ಈ ಎರಡನ್ನೂ ಜೋಡಿಸಿದನು. ಜಡಾನಿಲಗಳ ಹಿಂದುಮುಂದಿರುವ ಮೂಲವಸ್ತುಗಳು ಅಯಾನುಗಳಾದಾಗ ಅವುಗಳ ಎಲೆಕ್ಟ್ರಾನುಗಳ ಸಂಖ್ಯೆ ಆಯಾ ಜಡಾನಿಲದ ಸಂಖ್ಯೆಗೆ ಸಮವಾಗುವುದನ್ನು ಅವನು ಎತ್ತಿ ತೋರಿಸಿದನು. ೧೭ ಎಲೆಕ್ಟ್ರಾನುಗಳ ಕ್ಲೋರೀನ್ ಒಂದನ್ನು ಪಡೆದರೂ, ೧೯ ಎಲೆಕ್ಟ್ರಾನುಗಳ ಪೊಟ್ಯಾಸಿಯಂ ಒಂದನ್ನು ಕಳೆದುಕೊಂಡರೂ, ಆರ್ಗಾನಿನ ೧೮ರ ಸಂಖ್ಯೆಯೇ ಬರುತ್ತದೆ. ಬ್ರ್ಯಾಗನಿಗೆ ಇವೆರಡೂ ಒಂದೇ ಬಗೆಯಾಗಿ ಕಂಡುದಕ್ಕೂ ಇದರಿಂದ ಅರ್ಥ ದೊರೆಯಿತು. ಹೀಗೆ ಉಂಟಾದ ಧನ ಋಣ ಅಯಾನುಗಳನ್ನು ಹಿಡಿದಿಡುವುದು ಸಾಮಾನ್ಯವಾದ ವಿದ್ಯುದಾಕರ್ಷಣೆ ಮಾತ್ರ.

ಅದೇ ವರ್ಷ ಅಮೆರಿಕದ ಗಿಲ್ಬರ್ಟ್ ಲೂಯಿಸನು ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದರಿಂದ ಬಂಧವುಂಟಾಗುತ್ತದೆಂಬ ವಾದವನ್ನು ಮಂಡಿಸಿದನು. ಡ್ಯೂಮಾನ ಕಾಲದಿಂದ ಉಳಿದಿದ್ದ ತೊಡಕು ಇಲ್ಲಿಗೆ ಬಗೆಹರಿಯಿತು. ಲವಣಗಳಲ್ಲಿ ಒಂದು ಬಗೆಯ ಬಂಧ, ಇಂಗಾಲದ ಸಂಯುಕ್ತಗಳಲ್ಲಿ ಮತ್ತೊಂದು ಬಗೆಯ ಬಂಧ. ಬರ್ಜೀಲಿಯಸ್ಸನ ಮಾತು ತನ್ನ ಎಲ್ಲೆಯೊಳಗೆ ಸರಿಯಾಗಿತ್ತು. ೧೯೧೮ರಲ್ಲಿ ಡಿಬೈ ಮತ್ತು ಷೆರರ್ ಲಿಥಿಯಂ ಫ್ಲೋರೈಡಿನ ಕ್ಷ-ಕಿರಣ ಚಿತ್ರಗಳ ತೀವ್ರತೆಯನ್ನು ಪರಿಶೀಲಿಸಿ, ಒಂದು ಎಲೆಕ್ಟ್ರಾನು ಲಿಥಿಯಮ್ಮಿನಿಂದ ಫ್ಲೋರೀನಿಗೆ ಹೋಗಿದೆಯೆಂದು ನಿರ್ಣಯಿಸಿದರು. ೧೯೫೦ರ ದಶಕದಲ್ಲಿ ಉಪ್ಪಿನ ಎಲೆಕ್ಟ್ರಾನು ಸಾಂದ್ರತೆಯ ನಕ್ಷೆಗಳು ಸಿದ್ಧವಾದಾಗ, ಎರಡು ಅಯಾನುಗಳ ನಡುವೆ ಆ ಸಾಂದ್ರತೆ ಸೊನ್ನೆಯ ಸಮೀಪಕ್ಕೆ ಇಳಿಯುವುದು ಕಂಡುಬಂದಿತು.

೬. ಶಕ್ತಿಯ ಲೆಕ್ಕ

ಇಷ್ಟಾದರೂ ಮುಖ್ಯವಾದ ಒಂದು ಪ್ರಶ್ನೆ ಉಳಿದಿತ್ತು. ಸೋಡಿಯಂ ಎಲೆಕ್ಟ್ರಾನನ್ನು ಬಿಟ್ಟುಕೊಡುವುದೇಕೆ? ಜಡಾನಿಲದ ಸಂಖ್ಯೆಯನ್ನು ಮುಟ್ಟಬೇಕೆಂಬ ಬಯಕೆಯಿಂದ ಎಂದು ಹೇಳುವುದು ಸುಲಭ. ಆದರೆ ಅಳತೆಗಳು ಹೇಳುವುದು ಬೇರೆ. ಅನಿಲ ಸ್ಥಿತಿಯ ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಮೋಲಿಗೆ ೪೯೬ ಕಿಲೊಜೂಲ್ ಶಕ್ತಿಯನ್ನು ವ್ಯಯಮಾಡಬೇಕು. ಕ್ಲೋರೀನ್ ಪರಮಾಣು ಎಲೆಕ್ಟ್ರಾನನ್ನು ಪಡೆದಾಗ ಹೊರಬೀಳುವುದು ೩೪೯ ಕಿಲೊಜೂಲ್ ಮಾತ್ರ. ಈ ವ್ಯವಹಾರದಲ್ಲಿ ೧೪೭ ಕಿಲೊಜೂಲಿನ ನಷ್ಟವೇ ಇದೆ. ದೂರ ದೂರವಿರುವ ಒಂದು ಸೋಡಿಯಂ ಪರಮಾಣು, ಒಂದು ಕ್ಲೋರೀನ್ ಪರಮಾಣು ತಾವಾಗಿಯೇ ಎಲೆಕ್ಟ್ರಾನನ್ನು ಕೊಟ್ಟು ಕೊಳ್ಳುವುದಿಲ್ಲ.

ಈ ನಷ್ಟವನ್ನು ತುಂಬಿಕೊಡುವುದು ಹರಳಿನ ಒಟ್ಟು ರಚನೆ. ಒಂದು ಸೋಡಿಯಂ ಅಯಾನಿನ ಸುತ್ತ ಮೊದಲ ದೂರದಲ್ಲಿ ಆರು ಕ್ಲೋರೈಡ್ ಅಯಾನುಗಳು ಸೆಳೆಯುತ್ತವೆ. ಅದರ ಎರಡರ ವರ್ಗಮೂಲದಷ್ಟು ದೂರದಲ್ಲಿ ಹನ್ನೆರಡು ಸೋಡಿಯಂ ಅಯಾನುಗಳು ತಳ್ಳುತ್ತವೆ. ಮೂರರ ವರ್ಗಮೂಲದಷ್ಟು ದೂರದಲ್ಲಿ ಎಂಟು ಕ್ಲೋರೈಡುಗಳು ಮತ್ತೆ ಸೆಳೆಯುತ್ತವೆ. ಕೊನೆಯಿಲ್ಲದ ಈ ಸರಣಿಯ ಮೊತ್ತವನ್ನು ೧೯೧೮ರಲ್ಲಿ ಮಾಡೆಲುಂಗನು ಕಂಡುಹಿಡಿದನು. ಅದರ ಬೆಲೆ ೧.೭೪೭೬. ಅರ್ಥಾತ್, ೨.೮೨ ಆಂಗ್‌ಸ್ಟ್ರಾಂ ದೂರದಲ್ಲಿರುವ ಒಂಟಿ ಅಯಾನು ಜೋಡಿಗೆ ದೊರೆಯುವ ಆಕರ್ಷಣ ಶಕ್ತಿ ಮೋಲಿಗೆ ೪೯೩ ಕಿಲೊಜೂಲಾದರೆ, ಹರಳಿನಲ್ಲಿ ಅದು ೮೬೧ ಕಿಲೊಜೂಲಿಗೆ ಏರುತ್ತದೆ. ಅಯಾನುಗಳು ತೀರ ಹತ್ತಿರ ಬಂದಾಗ ಅವುಗಳ ಎಲೆಕ್ಟ್ರಾನು ಕವಚಗಳು ಒಂದನ್ನೊಂದು ತಳ್ಳುವುದನ್ನು ಮ್ಯಾಕ್ಸ್ ಬಾರ್ನ್ ಮತ್ತು ಆಲ್‌ಫ್ರೆಡ್ ಲಾಂಡೆ ಅದೇ ವರ್ಷ ಲೆಕ್ಕಕ್ಕೆ ತೆಗೆದುಕೊಂಡರು. ಈ ವಿಕರ್ಷಣೆಯನ್ನು ಕಳೆದರೆ ಅವರ ಸೂತ್ರದಿಂದ ಸುಮಾರು ೭೫೩ ಕಿಲೊಜೂಲ್ ಬರುತ್ತದೆ.

೧೯೧೯ರಲ್ಲಿ ಬಾರ್ನ್ ಮತ್ತು ಫ್ರಿಟ್ಸ್ ಹೇಬರ್ ಈ ಶಕ್ತಿಯನ್ನು ಉಷ್ಣರಸಾಯನದ ಅಳತೆಗಳೊಡನೆ ಜೋಡಿಸುವ ಚಕ್ರವನ್ನು ಹಾಕಿಕೊಟ್ಟರು. ಇಂದಿನ ಬೆಲೆಗಳನ್ನು ಬಳಸಿ ಹೇಳುವುದಾದರೆ, ಮೋಲಿಗೆ ಸೋಡಿಯಂ ಲೋಹವನ್ನು ಆವಿಯಾಗಿಸಲು ೧೦೮, ಕ್ಲೋರೀನ್ ಅಣುವನ್ನು ಪರಮಾಣುಗಳಾಗಿ ಒಡೆಯಲು ೧೨೧, ಸೋಡಿಯಮ್ಮನ್ನು ಅಯಾನಾಗಿಸಲು ೪೯೬ ಕಿಲೊಜೂಲ್ ಬೇಕು; ಒಟ್ಟು ೭೨೫. ಕ್ಲೋರೀನಿನಿಂದ ಮರಳಿ ಬರುವುದು ೩೪೯. ಉಳಿದ ಸಾಲ ೩೭೬. ಉಪ್ಪು ಉಂಟಾದಾಗ ೪೧೧ ಕಿಲೊಜೂಲ್ ಹೊರಬೀಳುತ್ತದೆಂಬುದು ಪ್ರಯೋಗಸಿದ್ಧ. ಆದುದರಿಂದ ಅಯಾನುಗಳು ಹರಳಾಗಿ ಕೂಡಿದಾಗ ೩೭೬ ಮತ್ತು ೪೧೧ ಸೇರಿ ೭೮೭ ಕಿಲೊಜೂಲ್ ಹೊರಬರಲೇಬೇಕು. ಸಿದ್ಧಾಂತದ ೭೫೩ಕ್ಕೂ ಪ್ರಯೋಗದ ೭೮೭ಕ್ಕೂ ಇರುವ ಅಂತರ ಶೇಕಡ ಐದಕ್ಕಿಂತ ಕಡಿಮೆ. ಉಪ್ಪು ಅಯಾನುಗಳಿಂದಾದುದೆಂಬ ಭಾವನೆಗೆ ಇದಕ್ಕಿಂತ ದೃಢವಾದ ಸಮರ್ಥನೆ ಬೇಕಿಲ್ಲ.

ಈ ಲೆಕ್ಕದಿಂದ ಹೊರಡುವ ನಿರ್ಣಯವನ್ನು ಒತ್ತಿ ಹೇಳಬೇಕಾಗಿದೆ. ಎಲೆಕ್ಟ್ರಾನಿನ ವರ್ಗಾವಣೆಯೇ ಬಂಧವಲ್ಲ. ಅದು ಬಂಧಕ್ಕಾಗಿ ತೆರುವ ಬೆಲೆ. ವರ್ಗಾವಣೆಯಿಂದ ಉಂಟಾದ ಅಯಾನುಗಳ ನಡುವಣ ಆಕರ್ಷಣೆಯೇ ಬಂಧ. ಸೋಡಿಯಂ ಎರಡನೆಯ ಎಲೆಕ್ಟ್ರಾನನ್ನೂ ಕೊಡದಿರುವುದಕ್ಕೆ ಕಾರಣ, ಒಳಕವಚದಿಂದ ಅದನ್ನು ಕೀಳಲು ತಗಲುವ ಬೆಲೆಯನ್ನು ಯಾವ ಜಾಲಕ ಶಕ್ತಿಯೂ ತೀರಿಸಲಾರದು ಎಂಬುದೇ. ಜಡಾನಿಲದ ಸಂಖ್ಯೆಗೆ ಮಹತ್ವ ಬಂದಿರುವುದು ಹೀಗೆ.

ಈ ಬಾರ್ನನಿಗೂ ಬೆಂಗಳೂರಿಗೂ ಒಂದು ಸಂಬಂಧವುಂಟು. ಜರ್ಮನಿಯಿಂದ ಹೊರಬೀಳಬೇಕಾಗಿ ಬಂದ ಅವನು ೧೯೩೫-೩೬ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲವು ತಿಂಗಳು ಇದ್ದನು. ಹರಳಿನ ಜಾಲಕದ ಕಂಪನಗಳ ವಿಷಯದಲ್ಲಿ ಮುಂದೆ ರಾಮನ್ ಅವರಿಗೂ ಬಾರ್ನನಿಗೂ ತೀವ್ರವಾದ ಭಿನ್ನಾಭಿಪ್ರಾಯ ಉಂಟಾಯಿತು. ೧೯೫೦ರ ದಶಕದಿಂದೀಚೆಗೆ ನಡೆದ ನ್ಯೂಟ್ರಾನು ಪ್ರಯೋಗಗಳು ಆ ವಿಷಯದಲ್ಲಿ ಬಾರ್ನನ ಪಕ್ಷವನ್ನು ಎತ್ತಿಹಿಡಿದವು.

೭. ದ್ರಾವಣದಲ್ಲಿ ಉಳಿದಿದ್ದ ಅಣು

ಘನಸ್ಥಿತಿಯಲ್ಲಿಯೇ ಅಣುವಿಲ್ಲವೆಂದ ಮೇಲೆ, ಕರಗಿದ ಉಪ್ಪಿನಲ್ಲಿ ಶೇಕಡ ೧೬ರಷ್ಟು ಅಣುಗಳು ಎಲ್ಲಿಂದ ಬಂದಾವು? ಪ್ರಬಲ ವಿದ್ಯುದ್ವಿಶ್ಲೇಷ್ಯಗಳು ಪೂರ್ಣವಾಗಿ ಅಯಾನುಗಳಾಗಿಯೇ ಇರುತ್ತವೆಂದು ಡೆನ್ಮಾರ್ಕಿನ ಬ್ಯರುಮ್ ೧೯೦೯ರಲ್ಲಿ ಸೂಚಿಸಿದ್ದನು. ೧೯೧೮ರಲ್ಲಿ ಕಲ್ಕತ್ತದಲ್ಲಿದ್ದ ತರುಣ ವಿಜ್ಞಾನಿ ಜ್ಞಾನಚಂದ್ರ ಘೋಷ್ ಅವರು ಈ ಸೂಚನೆಗೆ ಗಣಿತದ ರೂಪ ಕೊಡಲು ಯತ್ನಿಸಿದರು. ಬ್ರ್ಯಾಗನ ಹರಳಿನ ಚಿತ್ರವನ್ನೇ ದ್ರಾವಣಕ್ಕೂ ವಿಸ್ತರಿಸಿ, ಅಲ್ಲಿಯೂ ಅಯಾನುಗಳು ಜಾಲಕದಂತೆ, ಆದರೆ ದೂರದೂರವಾಗಿ ನಿಂತಿವೆಯೆಂದು ಅವರು ಭಾವಿಸಿದರು. ವಾಹಕತೆ ಕಡಿಮೆಯಾಗುವುದಕ್ಕೆ ಅಯಾನುಗಳ ಪರಸ್ಪರ ಆಕರ್ಷಣೆಯೇ ಕಾರಣ, ಒಡೆಯದ ಅಣುಗಳಲ್ಲ ಎಂಬುದು ಅವರ ವಾದ. ೧೯೨೩ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಉಷ್ಣಚಲನೆಯನ್ನೂ ಗಣನೆಗೆ ತಂದು, ಸ್ಥಿರ ಜಾಲಕದ ಬದಲು ಪ್ರತಿಯೊಂದು ಅಯಾನಿನ ಸುತ್ತ ವಿರುದ್ಧ ವಿದ್ಯುದಂಶದ ಒಂದು ಮೋಡದಂತಹ ಆವರಣವನ್ನು ಕಲ್ಪಿಸಿದರು. ಘೋಷ್ ಅವರ ಜಾಲಕ ನಿಲ್ಲಲಿಲ್ಲ. ಅವರು ಹಿಡಿದ ದಿಕ್ಕು ನಿಂತಿತು. ಇದೇ ಘೋಷ್ ಅವರು ೧೯೩೯ರಿಂದ ಕೆಲವು ವರ್ಷ ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು.

೮. ಗುಣಗಳಿಗೆ ದೊರೆತ ಅರ್ಥ

ಈ ಚಿತ್ರವು ಸಿದ್ಧವಾದ ಮೇಲೆ ಲವಣಗಳ ಗುಣಗಳು ಒಂದೊಂದಾಗಿ ಅರ್ಥವಾಗತೊಡಗಿದವು. ಫ್ಯಾರಡೆಯ ೧೮೩೩ರ ಒಗಟಿಗೆ ಈಗ ಉತ್ತರ ಸುಲಭ. ಘನ ಉಪ್ಪಿನಲ್ಲಿ ಅಯಾನುಗಳಿವೆ, ಆದರೆ ಅವು ತಮ್ಮ ಸ್ಥಾನಗಳಲ್ಲಿ ಬಂದಿಗಳಾಗಿವೆ. ಕರಗಿದಾಗ ಸಂಚಾರ ದೊರೆತು ವಿದ್ಯುತ್ತನ್ನು ಹೊರುತ್ತವೆ. ಕರಗಿಸಲು ಹೆಚ್ಚು ಶಾಖ ಬೇಕಾಗುವುದೂ ಜಾಲಕ ಶಕ್ತಿಯ ಫಲವೇ. ಸೋಡಿಯಂ ಕ್ಲೋರೈಡ್ ೮೦೧ ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ, ದೊಡ್ಡ ಅಯಾನುಗಳಿರುವ ಬ್ರೋಮೈಡ್ ೭೪೭ರಲ್ಲಿಯೂ, ಅಯೊಡೈಡ್ ೬೬೧ರಲ್ಲಿಯೂ ಕರಗುತ್ತವೆ. ದೂರ ಹೆಚ್ಚಿದಂತೆ ಸೆಳೆತ ಕಡಿಮೆ. ಮೆಗ್ನೀಸಿಯಂ ಆಕ್ಸೈಡಿನ ರಚನೆಯೂ ಉಪ್ಪಿನದೇ. ಆದರೆ ಅಲ್ಲಿ ಎರಡು ಕಡೆಯ ವಿದ್ಯುದಂಶವೂ ಇಮ್ಮಡಿಯಾದುದರಿಂದ ಆಕರ್ಷಣೆ ನಾಲ್ಮಡಿಯಾಗುತ್ತದೆ, ದೂರವೂ ೨.೧ ಆಂಗ್‌ಸ್ಟ್ರಾಂಗೆ ಇಳಿಯುತ್ತದೆ. ಅದು ಕರಗುವುದು ಸುಮಾರು ೨೮೫೦ ಡಿಗ್ರಿಯಲ್ಲಿ. ಕುಲುಮೆಗಳ ಒಳಗೋಡೆಗೆ ಅದನ್ನು ಬಳಸುವುದಕ್ಕೆ ಇದೇ ಕಾರಣ.

ಉಪ್ಪಿನ ಹರಳು ಗಟ್ಟಿಯಾಗಿದ್ದರೂ ಪೆಟ್ಟು ಬಿದ್ದರೆ ತಗಡಾಗದೆ, ಚಪ್ಪಟೆ ಮುಖಗಳುಳ್ಳ ತುಂಡುಗಳಾಗಿ ಸೀಳುತ್ತದೆ. ಒಂದು ಪದರವು ಒಂದು ಸ್ಥಾನದಷ್ಟು ಜರುಗಿದರೆ ಧನದ ಎದುರು ಧನ, ಋಣದ ಎದುರು ಋಣ ಬಂದು ಪದರಗಳು ಪರಸ್ಪರ ದೂಡುತ್ತವೆಂಬುದು ಇದಕ್ಕೆ ಕೊಡುವ ಸಾಮಾನ್ಯ ವಿವರಣೆ. ನೀರಿನಲ್ಲಿ ಕರಗುವ ಗುಣ ಇನ್ನೂ ಸ್ವಾರಸ್ಯವಾದುದು. ೭೮೭ ಕಿಲೊಜೂಲಿನಿಂದ ಬಿಗಿದ ಹರಳನ್ನು ತಣ್ಣೀರು ಬಿಡಿಸುವುದು ಹೇಗೆ? ನೀರಿನ ಅಣುಗಳು ಪ್ರತಿಯೊಂದು ಅಯಾನನ್ನೂ ಸುತ್ತುವರಿದು ಹೆಚ್ಚುಕಡಿಮೆ ಅಷ್ಟೇ ಶಕ್ತಿಯನ್ನು ಮರಳಿ ಕೊಡುತ್ತವೆ. ಕೊರತೆ ಸುಮಾರು ೪ ಕಿಲೊಜೂಲ್ ಮಾತ್ರ. ಉಪ್ಪು ಕರಗುವಾಗ ನೀರು ತುಸುವೇ ತಣ್ಣಗಾಗುವುದು ಇದರಿಂದಲೇ. ಕಣಗಳು ಚದುರುವುದರಿಂದ ಹೆಚ್ಚುವ ಅವ್ಯವಸ್ಥೆಯು ಉಳಿದ ಕೆಲಸವನ್ನು ಮಾಡುತ್ತದೆ.

೯. ಕಲ್ಪನೆಯ ಎಲ್ಲೆ

ಆದರೂ ಪೂರ್ಣವಾಗಿ ಅಯಾನಿಕವಾದ ಬಂಧ ಒಂದು ಆದರ್ಶವೇ. ೧೯೨೦ರ ದಶಕದಲ್ಲಿ ಫಾಯಾನ್ಸನು ತೋರಿಸಿದಂತೆ, ಸಣ್ಣದಾದ, ಹೆಚ್ಚು ವಿದ್ಯುದಂಶವುಳ್ಳ ಧನ ಅಯಾನು ದೊಡ್ಡದಾದ ಋಣ ಅಯಾನಿನ ಎಲೆಕ್ಟ್ರಾನು ಮೋಡವನ್ನು ತನ್ನೆಡೆಗೆ ಎಳೆದು ವಿಕಾರಗೊಳಿಸುತ್ತದೆ. ಅಲ್ಯೂಮಿನಿಯಂ ಫ್ಲೋರೈಡ್ಆವಿಯಾಗಲು ಸಾವಿರ ಡಿಗ್ರಿಗೂ ಮೀರಿದ ಶಾಖ ಬೇಕು. ಅಲ್ಯೂಮಿನಿಯಂ ಕ್ಲೋರೈಡ್ ೧೮೦ ಡಿಗ್ರಿಯ ಸುಮಾರಿನಲ್ಲಿಯೇ ಆವಿಯಾಗುತ್ತದೆ. ಬೆಳ್ಳಿಯ ಕ್ಲೋರೈಡಿಗೆ ಉಪ್ಪಿನ ರಚನೆಯೇ ಇದ್ದರೂ ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಸುಮಾರು ೨ ಮಿಲಿಗ್ರಾಂ ಮಾತ್ರ. ಲೀನಸ್ ಪಾಲಿಂಗನು ೧೯೩೨ರಲ್ಲಿ ಎಲೆಕ್ಟ್ರಾನುಗಳನ್ನು ಸೆಳೆಯುವ ಶಕ್ತಿಗೆ ಒಂದು ಮಾನವನ್ನು ಕೊಟ್ಟು, ಅಯಾನಿಕ ಮತ್ತು ಸಹವೇಲೆನ್ಸಿ ಬಂಧಗಳ ನಡುವೆ ಗೋಡೆಯಿಲ್ಲ, ಇಳಿಜಾರು ಮಾತ್ರ ಇದೆಯೆಂಬ ಲೂಯಿಸನ ಮಾತಿಗೆ ಅಂಕೆಗಳ ಆಧಾರವನ್ನು ಒದಗಿಸಿದನು.

ಉಪ್ಪಿನ ಅಣುವಿನ ಮಾತಿಗೆ ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಉಪ್ಪನ್ನು ಕಾಯಿಸಿ ಆವಿಯಾಗಿಸಿದಾಗ ಒಂದು ಸೋಡಿಯಂ, ಒಂದು ಕ್ಲೋರೀನ್ ಕೂಡಿದ ನಿಜವಾದ ಅಣುಗಳು ಆ ಆವಿಯಲ್ಲಿ ಇರುತ್ತವೆ. ಅವುಗಳಲ್ಲಿ ಎರಡು ಕಣಗಳ ನಡುವಣ ದೂರ ೨.೩೬ ಆಂಗ್‌ಸ್ಟ್ರಾಂ, ಹರಳಿನಲ್ಲಿರುವುದಕ್ಕಿಂತ ಕಡಿಮೆ. ಆರ್ಮ್‌ಸ್ಟ್ರಾಂಗನು ಅರಸಿದ ಅಣು ಉಂಟು. ಆದರೆ ಅದು ಊಟದ ಎಲೆಯ ಮೇಲಿನ ಉಪ್ಪಿನಲ್ಲಿಲ್ಲ. ಇನ್ನೊಂದು ಕಡೆ, ೨೦೧೩ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಅತ್ಯಧಿಕ ಒತ್ತಡದ ಕೆಳಗೆ ಒಂದು ಸೋಡಿಯಮ್ಮಿಗೆ ಮೂರು ಕ್ಲೋರೀನ್, ಒಂದು ಕ್ಲೋರೀನಿಗೆ ಮೂರು ಸೋಡಿಯಂ ಎಂಬಂತಹ ಪ್ರಮಾಣಗಳ ಸಂಯುಕ್ತಗಳೂ ದೊರೆತವು. ಎಂಟು ಎಲೆಕ್ಟ್ರಾನುಗಳ ನಿಯಮ ಸಾಮಾನ್ಯ ಪರಿಸ್ಥಿತಿಯ ನಿಯಮವೇ ಹೊರತು ನಿಸರ್ಗದ ಕಡೆಯ ಮಾತಲ್ಲ.

೧೦. ಸಮಾಪ್ತಿ

ಮೇಲಿನ ಚರಿತ್ರೆಯಿಂದ ಬೋಧನೆಗೆ ಸಂಬಂಧಿಸಿದ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದಾಗಿ, ಘನ ಲವಣದ ಸೂತ್ರವನ್ನು ಅಣುಸೂತ್ರವೆನ್ನದೆ ಪ್ರಮಾಣಸೂತ್ರವೆನ್ನುವುದು ಯುಕ್ತ. ಉಪ್ಪಿನ ಅಣುತೂಕ ಎಂಬುದರ ಬದಲು ಸೂತ್ರತೂಕ ಎಂಬ ಮಾತು ಸರಿಯಾದುದು. ಎರಡನೆಯದಾಗಿ, ಉಪ್ಪು ನೀರಿನಲ್ಲಿ ಅಯಾನುಗಳಾಗುತ್ತದೆ ಎನ್ನುವುದು ಅರ್ಹೇನಿಯಸ್ಸನ ಕಾಲದ ಭಾಷೆ. ಮೊದಲೇ ಇದ್ದ ಅಯಾನುಗಳು ನೀರಿನಲ್ಲಿ ಬಿಡುಗಡೆ ಹೊಂದುತ್ತವೆ ಎನ್ನಬೇಕು. ಮೂರನೆಯದಾಗಿ, ಪರಮಾಣುಗಳ ಬಯಕೆಯ ಮಾತನ್ನು ಆಡಿದ ಮೇಲೆ ಶಕ್ತಿಯ ಲೆಕ್ಕವನ್ನೂ ಹಲಗೆಯ ಮೇಲೆ ಬರೆದು ತೋರಿಸಬೇಕು. ಐದು ಅಂಕೆಗಳ ಆ ಕೂಡುಕಳೆಯುವಿಕೆಗೆ ಹತ್ತು ನಿಮಿಷಗಳು ಸಾಕು.

ಬರ್ಜೀಲಿಯಸ್, ಅರ್ಹೇನಿಯಸ್, ಘೋಷ್ ಇವರೆಲ್ಲರ ವಾದಗಳಲ್ಲಿಯೂ ಉಳಿದ ಭಾಗವುಂಟು, ಅಳಿದ ಭಾಗವುಂಟು. ಪೂರ್ಣವಾಗಿ ಸರಿಯಾದ ಸಿದ್ಧಾಂತಕ್ಕಾಗಿ ಅವರು ಕಾದು ಕುಳಿತಿದ್ದರೆ ಬ್ರ್ಯಾಗನಿಗೂ ಬಾರ್ನನಿಗೂ ಕೇಳಲು ಪ್ರಶ್ನೆಗಳೇ ಇರುತ್ತಿರಲಿಲ್ಲ. ಉಪ್ಪಿನ ಸೂತ್ರವನ್ನು ಮೊದಲ ಬಾರಿಗೆ ಬರೆಯುವ ವಿದ್ಯಾರ್ಥಿಯು ಅದರ ಹಿಂದಿರುವ ಈ ನೂರು ವರ್ಷಗಳ ವಾದವನ್ನು ಸ್ವಲ್ಪಮಟ್ಟಿಗಾದರೂ ಅರಿತರೆ, ಶಾಸ್ತ್ರದಲ್ಲಿ ಒಂದು ಮಾತು ಸ್ಥಿರಪಡುವುದು ಹೇಗೆ ಎಂಬುದೂ ಅವನಿಗೆ ತಿಳಿದಂತಾಗುತ್ತದೆ.